ಗೋಣಿಕೊಪ್ಪದಿಂದ ಮಡಿಕೇರಿಗೆ ದಿನಾ ಓಡಾಡುವವರು ಸೇರಿ ಒಂದು ವ್ಯಾನ್ ಮಾಡಿಕೊಂಡರೆ ಏನು ಲಾಭ?

ಕೊಡಗಿಗೆ ರೈಲು ಇಲ್ಲ. ಹಾಗಾಗಿ ಇಲ್ಲಿ ದಿನಾ ದೂರದ ಕೆಲಸಕ್ಕೆ ಹೋಗುವವರಿಗೆ ಇರುವುದು ಮೂರೇ ದಾರಿ. ಬಸ್ಸು, ಸ್ವಂತ ಗಾಡಿ, ಇಲ್ಲಾಂದ್ರೆ ಕೆಲಸ ಇರುವ ಊರಲ್ಲೇ ಒಂದು ಬಾಡಿಗೆ ಮನೆ. ಗೋಣಿಕೊಪ್ಪದಿಂದ ಮಡಿಕೇರಿಯ ಕಚೇರಿಗೆ ಬರುವ ಗುಮಾಸ್ತರು, ಶನಿವಾರಸಂತೆ ಕಡೆಯಿಂದ ಬರುವ ಮೇಷ್ಟ್ರು, ಕುಶಾಲನಗರದಿಂದ ಮೈಸೂರಿಗೆ ಹೋಗಿ ಬರುವ ಕಂಪನಿ ಕೆಲಸದ ಹುಡುಗ ಹುಡುಗಿಯರು, ಎಲ್ಲರೂ ಈ ಮೂರರಲ್ಲಿ ಒಂದನ್ನು ಹಿಡಿದು ಹೇಗೋ ದಿನ ದೂಡುತ್ತಿರುತ್ತಾರೆ. ನಾಲ್ಕನೆಯ ದಾರಿಯೂ ಒಂದಿದೆ. ಒಂದೇ ಕಡೆಯಿಂದ ಒಂದೇ ಕಡೆಗೆ, ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೋಗುವ ಹತ್ತು ಹನ್ನೆರಡು ಜನ ಸೇರಿ ಒಂದು ವ್ಯಾನನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳುವುದು. ಇದಕ್ಕೇ ವ್ಯಾನ್‌ಪೂಲ್ ಅನ್ನುತ್ತಾರೆ. ನಾನೂ ಇಂಥದ್ದೊಂದು ವ್ಯಾನಿನಲ್ಲೇ ಮಡಿಕೇರಿಗೆ ಬರುವವಳು. ಕೇಳಿದವರೆಲ್ಲ ಮೊದಲು ಕೇಳುವುದು "ತಿಂಗಳಿಗೆ ಎಷ್ಟಾಗುತ್ತೆ?" ಅಂತ. ಅದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಲೆಕ್ಕ ಬಿಡಿಸಿಯೇ ಹೇಳಬೇಕು.

ಇದು ಹೊಸ ಸಂಗತಿ ಏನಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 3ಎಂ ಕಂಪನಿ 1973ರಲ್ಲೇ ತನ್ನ ನೌಕರರಿಗಾಗಿ ಆರು ವ್ಯಾನುಗಳನ್ನು ಇಟ್ಟು ಇದನ್ನು ಶುರು ಮಾಡಿತು. ವ್ಯಾನು ಕಂಪನಿಯದು, ಓಡಿಸುವವರು ನೌಕರರಲ್ಲೇ ಒಬ್ಬರು. ಓಡಿಸುವವರಿಗೆ ಪ್ರಯಾಣ ಪುಕ್ಕಟೆ, ಉಳಿದವರು ತಿಂಗಳಿಗಿಷ್ಟು ಅಂತ ಕೊಡಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿ ಪೆಟ್ರೋಲಿಗೆ ಹಾಹಾಕಾರ ಆದ ಮೇಲೆ ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು.

ಅಷ್ಟು ದೂರ ಯಾಕೆ, ನಮ್ಮ ಕೊಡಗಿನಲ್ಲಿ ಕಾಫಿ ಕೊಯ್ಲಿನ ಸಮಯದಲ್ಲಿ ಬೆಳಗ್ಗೆ ರಸ್ತೆಗೆ ಬಂದು ನೋಡಿ. ತೋಟದ ಜೀಪು ಊರೂರು ಸುತ್ತಿ ಕೆಲಸದವರನ್ನು ಹತ್ತಿಸಿಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ಗೊತ್ತಾದ ಜನ, ಗೊತ್ತಾದ ಜಾಗ, ಗೊತ್ತಾದ ಹೊತ್ತು. ವ್ಯಾನ್‌ಪೂಲಿನ ಮೂಲ ತತ್ವ ಇಷ್ಟೇ. ಆದರೆ ಜೀಪಿನಲ್ಲಿ ಇರಬೇಕಾದ್ದಕ್ಕಿಂತ ಎರಡು ಪಟ್ಟು ಜನ, ಕೆಲವೊಮ್ಮೆ ಸರಕು ಸಾಗಿಸುವ ಪಿಕಪ್‌ನ ಹಿಂದೆ ನಿಂತುಕೊಂಡೇ ಪ್ರಯಾಣ. ತೋಟದ ಆ ಕೆಲಸದವರೂ ದಿನಾ ಕೆಲಸಕ್ಕೆ ಹೋಗುವವರೇ ಅಲ್ವಾ? ಒಬ್ಬೊಬ್ಬರಿಗೆ ಒಂದೊಂದು ಸೀಟು ಸಿಗಬೇಕಾದ್ದು ಮೊದಲು ಅವರಿಗೆ ಅಂತ ನನಗೆ ಬಲವಾಗಿ ಅನಿಸುತ್ತದೆ. ನಾನು ಕೆಳಗೆ ಹೇಳುವ ಲೆಕ್ಕ ಕಚೇರಿಯವರಿಗೆ ಎಷ್ಟು ಅನ್ವಯಿಸುತ್ತದೋ ತೋಟದ ಮಾಲೀಕರಿಗೂ ಅಷ್ಟೇ ಅನ್ವಯಿಸುತ್ತದೆ.

ಈಗ ದುಡ್ಡಿನ ವಿಷಯ. ಗೋಣಿಕೊಪ್ಪದಿಂದ ವಿರಾಜಪೇಟೆ, ಮೂರ್ನಾಡು ಮೇಲೆ ಮಡಿಕೇರಿಗೆ ಸುಮಾರು 45 ಕಿಲೋಮೀಟರ್. ಹೋಗಿ ಬರುವುದು 90. ತಿಂಗಳಿಗೆ 24 ದಿನ ಅಂತ ಹಿಡಿದರೆ 2,160 ಕಿಲೋಮೀಟರ್. ಒಬ್ಬರೇ ಕಾರಿನಲ್ಲಿ ಹೋದರೆ ಈ ಏರಿಳಿತದ ರಸ್ತೆಯಲ್ಲಿ ಲೀಟರಿಗೆ 14 ಕಿಲೋಮೀಟರ್ ಸಿಕ್ಕರೆ ಪುಣ್ಯ. ಅಂದರೆ 154 ಲೀಟರ್ ಪೆಟ್ರೋಲ್. ಲೆಕ್ಕ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಇಟ್ಟುಕೊಂಡರೂ 15,400 ರೂಪಾಯಿ ಬರೀ ಪೆಟ್ರೋಲಿಗೆ. ಟಯರು, ಬ್ರೇಕು, ಸರ್ವಿಸ್ ಇದರಲ್ಲಿ ಸೇರಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಹೊಂಡಕ್ಕೆ ಸಿಕ್ಕ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟವರಿಗೆ ಆ ಖರ್ಚು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಅದೇ ದಾರಿಗೆ 12 ಸೀಟಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ವ್ಯಾನು, ತೆಗೆದುಕೊಳ್ಳೋಣ. ಲೀಟರಿಗೆ 9 ಕಿಲೋಮೀಟರ್ ಅಂದರೆ 240 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ 21,600. ಡ್ರೈವರ್ ಸಂಬಳ 18,000 ಅಂತ ಇಟ್ಟುಕೊಳ್ಳಿ. ಗಾಡಿಯ ಬಾಡಿಗೆ, ಇನ್ಶೂರೆನ್ಸ್, ಟ್ಯಾಕ್ಸ್, ಸರ್ವಿಸ್ ಎಲ್ಲಾ ಸೇರಿ 25,000. ಒಟ್ಟು 64,600. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ 5,400ರ ಹತ್ತಿರ. ನಿಮ್ಮೂರಿನಲ್ಲಿ ಬಾಡಿಗೆ, ಸಂಬಳ ಬೇರೆ ಇರಬಹುದು, ನಿಮ್ಮ ಅಂಕಿ ಹಾಕಿಕೊಂಡು ನೋಡಿ. ಲೆಕ್ಕದ ರೀತಿ ಇದೇ.

ಇನ್ನು ದೂರ ಜಾಸ್ತಿಯಾದಷ್ಟೂ ಲಾಭ ಜಾಸ್ತಿ. ಕುಶಾಲನಗರದಿಂದ ಮೈಸೂರಿಗೆ ಸುಮಾರು 90 ಕಿಲೋಮೀಟರ್, ಅಂದರೆ ಮೇಲಿನ ದಾರಿಯ ಎರಡು ಪಟ್ಟು. ಅಲ್ಲಿ ರಸ್ತೆ ಸಮತಟ್ಟು, ಲೀಟರಿಗೆ 16 ಸಿಗುತ್ತದೆ ಅಂದರೂ ಒಬ್ಬರೇ ಹೋಗುವ ಕಾರಿನ ಪೆಟ್ರೋಲ್ ಖರ್ಚು 27,000ಕ್ಕೆ ಏರುತ್ತದೆ. ವ್ಯಾನಿನಲ್ಲಿ ಡೀಸೆಲ್ ಖರ್ಚು ಏರುತ್ತದೆ, ಗಾಡಿಯ ಸವಕಳಿ ಸ್ವಲ್ಪ ಏರುತ್ತದೆ, ಆದರೆ ಡ್ರೈವರ್ ಸಂಬಳ ದುಪ್ಪಟ್ಟಾಗುವುದಿಲ್ಲ, ಇನ್ಶೂರೆನ್ಸ್ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ತಲೆಗೆ ಎರಡು ಸಾವಿರದಷ್ಟು ಹೆಚ್ಚಾಗಿ ಏಳೂವರೆ ಸಾವಿರದ ಒಳಗೇ ನಿಲ್ಲುತ್ತದೆ. ಕುಶಾಲನಗರದಿಂದ ಕೂಡಿಗೆಗೆ ಹೋಗುವವರಿಗೆ ವ್ಯಾನ್‌ಪೂಲ್ ಬೇಡವೇ ಬೇಡ. ಮೂವತ್ತು ನಲವತ್ತು ಕಿಲೋಮೀಟರ್ ದಾಟಿದ ಮೇಲೆಯೇ ಇದಕ್ಕೆ ಅರ್ಥ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ವ್ಯಾನು ಬಸ್ಸಿಗಿಂತ ಅಗ್ಗ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ನಿಮ್ಮ ಊರಿನಿಂದ ನಿಮ್ಮ ಕೆಲಸದ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ಸು ಇದ್ದರೆ, ಸಂಜೆ ವಾಪಸ್ ಬರುವುದಕ್ಕೂ ಇದ್ದರೆ, ಬಸ್ಸಿಗೇ ಹೋಗಿ. ಸುಮ್ನೆ ಐದು ಸಾವಿರ ಕಳೆದುಕೊಳ್ಳಬೇಡಿ. ಆದರೆ ಕೊಡಗಿನ ಒಳಊರುಗಳಲ್ಲಿ ಹಾಗೆ ಇರುವುದು ಕಡಿಮೆ. ಸಿಗುವುದು ಖಾಸಗಿ ಬಸ್ಸು, ಅದರ ಹೊತ್ತು ನಮ್ಮ ಹೊತ್ತಲ್ಲ. ನೇರ ಬಸ್ ತಪ್ಪಿದರೆ ವಿರಾಜಪೇಟೆಯಲ್ಲಿ ಇಳಿದು ಇನ್ನೊಂದನ್ನು ಕಾಯಬೇಕು. ಸರ್ಕಾರಿ ಕಚೇರಿ ಬಿಡುವುದು ಸಂಜೆ ಐದೂವರೆಗೆ. ಸಾಹೇಬರು ಕೊನೆ ಗಳಿಗೆಯಲ್ಲಿ ಒಂದು ಫೈಲ್ ಕೇಳಿದರೆ ಆರಾಯಿತು. ಜುಲೈ ತಿಂಗಳಲ್ಲಿ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಆರು ಗಂಟೆಗೆ ಮೋಡದ ಮಬ್ಬು, ಮಂಜು, ಗಾಳಿಗೆ ಅಡ್ಡಡ್ಡ ಹೊಡೆಯುವ ಮಳೆ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಆ ಹೊತ್ತಿಗೆ ಮನೆಯಿಂದ ಫೋನ್ ಬರುತ್ತದೆ, ಎಲ್ಲಿದ್ದೀಯಾ ಅಂತ.

ವ್ಯಾನಿನ ದೊಡ್ಡ ಲಾಭ ಇರುವುದು ಇಲ್ಲೇ. ಸಂಜೆ ಐದೂ ಮುಕ್ಕಾಲಿಗೆ ಒಂದು ಗೊತ್ತಾದ ಜಾಗದಲ್ಲಿ ನಿಮಗಾಗಿ ಒಂದು ಗಾಡಿ ನಿಂತಿರುತ್ತದೆ, ಅದರಲ್ಲಿ ನಿಮಗೆ ಒಂದು ಸೀಟು ಇರುತ್ತದೆ. ದುಡ್ಡು ಕೊಡುವುದು ಈ ಖಾತ್ರಿಗೆ. ಪೆಟ್ರೋಲ್ ಉಳಿತಾಯದ ಮಾತನ್ನೇ ಮುಂದಿಟ್ಟು ಜನರನ್ನು ಸೇರಿಸಿದರೆ ಮೊದಲು ಬಸ್ಸಿನಲ್ಲಿ ಬರುತ್ತಿದ್ದವರು ಒಂದೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಎಷ್ಟು ಗಂಟೆಗೆ ಮನೆ ಸೇರುತ್ತೇನೆ ಅಂತ ಬೆಳಗ್ಗೆಯೇ ಹೇಳಿ ಹೊರಡಬಹುದು ಅನ್ನುವುದಕ್ಕೆ ಬಂದವರು ಬಿಡುವುದಿಲ್ಲ.

ಇದರ ಜೊತೆಗೆ ದಣಿವಿನ ಲೆಕ್ಕವೂ ಇದೆ. ಈ ರಸ್ತೆಯಲ್ಲಿ ದಿನಕ್ಕೆ ಎರಡೂವರೆ ಮೂರು ಗಂಟೆ ತಾನೇ ಗಾಡಿ ಓಡಿಸಿದವರು ಕಚೇರಿಗೆ ಬರುವಾಗಲೇ ಅರ್ಧ ಸೋತಿರುತ್ತಾರೆ. ಮೇಕೇರಿಯಿಂದ ಮೇಲೆ ಮಂಜು ಕವಿದರೆ ಎದುರಿನ ಗಾಡಿಯ ಲೈಟು ಹತ್ತಿರ ಬರುವ ತನಕ ಕಾಣುವುದಿಲ್ಲ. ಬೈಕಿನವರ ಪಾಡಂತೂ ಕೇಳುವುದೇ ಬೇಡ. ಬೇತ್ರಿಯಲ್ಲಿ ಕಾವೇರಿ ತುಂಬಿ ಹರಿಯುವಾಗ, ಎಲ್ಲೋ ಮರ ಬಿದ್ದಾಗ, ಒಬ್ಬರೇ ಇದ್ದರೆ ಮುಂದೆ ಹೋಗುವುದೋ ಹಿಂದೆ ಬರುವುದೋ ಗೊತ್ತಾಗುವುದಿಲ್ಲ. ವ್ಯಾನಿನಲ್ಲಿ ಹನ್ನೆರಡು ಫೋನ್ ಇರುತ್ತವೆ, ಹನ್ನೆರಡು ಊರಿನ ವಾಟ್ಸಾಪ್ ಗ್ರೂಪ್ ಇರುತ್ತವೆ. ಯಾವ ರಸ್ತೆ ಬಂದ್, ಯಾವ ತೋಟದ ಪಕ್ಕ ಆನೆ ನಿಂತಿದೆ ಅನ್ನುವ ಸುದ್ದಿ ಯಾರಿಗಾದರೂ ಬಂದಿರುತ್ತದೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಅಲ್ಲಿ ಮುಸ್ಸಂಜೆ ಸ್ಕೂಟರ್ ಓಡಿಸಿದವರಿಗೇ ಗೊತ್ತು.

ಪರಿಸರದ ಲಾಭವನ್ನು ಉತ್ಪ್ರೇಕ್ಷೆ ಮಾಡಿ ಹೇಳುವವರಿದ್ದಾರೆ, ಹನ್ನೆರಡು ಜನ ಅಂದರೆ ಹನ್ನೆರಡು ಕಾರು ಕಡಿಮೆ ಅಂತ. ಹಾಗಲ್ಲ. ಹನ್ನೆರಡು ಜನರಲ್ಲಿ ಮೊದಲು ಕಾರಿನಲ್ಲಿ ಬರುತ್ತಿದ್ದವರು ನಾಲ್ಕೇ ಜನ ಅಂತ ಇಟ್ಟುಕೊಳ್ಳಿ. ಅವರದ್ದೇ ತಿಂಗಳಿಗೆ 616 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ, ಡೀಸೆಲ್ ಆದರೆ ಸುಮಾರು 2.7 ಕಿಲೋ. ಆ ಲೆಕ್ಕದಲ್ಲಿ ನಾಲ್ಕು ಕಾರು ಬಿಡುವುದು 1,400 ಕಿಲೋ, ವ್ಯಾನು ಬಿಡುವುದು 650. ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಅಷ್ಟು ಸಾಕು. ಮಡಿಕೇರಿಯ ಇಕ್ಕಟ್ಟಿನ ರಸ್ತೆಗಳಲ್ಲಿ ನಾಲ್ಕು ಕಾರು ನಿಲ್ಲಿಸುವ ಜಾಗವೂ ಉಳಿಯಿತು. ಪ್ರವಾಸಿಗರು ತುಂಬಿದ ದಿನ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ವ್ಯಾನ್‌ಪೂಲ್ ಎಲ್ಲಿ ಮುರಿದು ಬೀಳುತ್ತದೆ? ಹೆಚ್ಚಾಗಿ ದುಡ್ಡು ಕೊಡುವ ರೀತಿಯಲ್ಲಿ. ಬಂದ ದಿನಕ್ಕೆ ಮಾತ್ರ ಕೊಡುತ್ತೇನೆ ಅನ್ನುವ ಒಬ್ಬರು ಸಾಕು. ನೀವು ಬರಲಿ ಬಿಡಲಿ, ಗಾಡಿ ಹೋಗಲೇಬೇಕು, ಡೀಸೆಲ್ ಅಷ್ಟೇ ಕುಡಿಯುತ್ತದೆ, ಡ್ರೈವರ್ ಸಂಬಳ ಅಷ್ಟೇ ಇರುತ್ತದೆ. ಹಾಗಾಗಿ ಕೊಡಬೇಕಾದ್ದು ತಿಂಗಳ ಸೀಟಿಗೆ, ಹೋದ ದಿನಕ್ಕಲ್ಲ. ನಾಲ್ಕು ದಿನ ರಜೆ ಹಾಕಿದರೂ ಪೂರ್ತಿ ಕೊಡಬೇಕು. ಇದು ಅನ್ಯಾಯ ಅಂತ ಮೊದಲು ಎಲ್ಲರಿಗೂ ಅನಿಸುತ್ತದೆ. ಆದರೆ ಲೆಕ್ಕ ನೋಡಿ: ಹನ್ನೆರಡು ಜನರಲ್ಲಿ ಮೂವರು ಹಿಂದೆ ಸರಿದರೆ 64,600 ರೂಪಾಯಿ ಒಂಬತ್ತು ಜನರ ಮೇಲೆ ಬೀಳುತ್ತದೆ. 5,400 ಕೊಡುತ್ತಿದ್ದವರು 7,200 ಕೊಡಬೇಕು. ಆಗ ಇನ್ನಿಬ್ಬರು ಬಿಡುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಇದಕ್ಕೆ ನನಗೆ ಸರಿ ಕಂಡ ಉಪಾಯ ಒಂದಿದೆ. ಹನ್ನೆರಡು ಸೀಟು ಇದ್ದರೂ ಹತ್ತೇ ಜನ ಅಂತ ಲೆಕ್ಕ ಹಾಕಿ ದರ ಇಡುವುದು. ತಲೆಗೆ 6,460 ಆಗುತ್ತದೆ. ಹತ್ತು ಜನ ಇದ್ದರೆ ಗಾಡಿ ನಷ್ಟವಿಲ್ಲದೆ ಓಡುತ್ತದೆ. ಹನ್ನೊಂದನೆಯವರದ್ದು, ಹನ್ನೆರಡನೆಯವರದ್ದು ಒಂದು ಕಡೆ ಕೂಡಿಡಿ. ಯಾರಾದರೂ ವರ್ಗ ಆಗಿ ಹೋದಾಗ, ಗಾಡಿ ಕೆಟ್ಟು ಬೇರೆ ಗಾಡಿ ತರಬೇಕಾದಾಗ ಆ ದುಡ್ಡು ಕೈ ಹಿಡಿಯುತ್ತದೆ. ಜೊತೆಗೆ ಸೇರುವಾಗ ಒಂದು ತಿಂಗಳ ಮುಂಗಡ, ಬಿಡುವಾಗ ಒಂದು ತಿಂಗಳ ಮುಂಚೆ ಹೇಳಬೇಕು ಅನ್ನುವ ಮಾತು. ಇದನ್ನು ಬರೆದು ಎಲ್ಲರ ಸಹಿ ಹಾಕಿಸಿ. ಎಲ್ಲರೂ ಪರಿಚಯದವರೇ ಆದರೂ ಬರೆದಿಡಿ. ಪರಿಚಯದವರು ಅಂತ ಬಾಯಿ ಮಾತಲ್ಲಿ ಬಿಟ್ಟರೆ ಕೊನೆಗೆ ಕೇಳುವುದಕ್ಕೇ ಸಂಕೋಚ ಆಗುತ್ತದೆ.

ಅದೇ ಕೂಡಿಟ್ಟ ದುಡ್ಡಿಗೆ ಇನ್ನೊಂದು ಕೆಲಸವೂ ಇದೆ. ಮಗುವಿಗೆ ಜ್ವರ, ಮಧ್ಯಾಹ್ನ ಎರಡಕ್ಕೆ ಮನೆಗೆ ಓಡಬೇಕು, ವ್ಯಾನು ಹೊರಡುವುದು ಸಂಜೆ. ಈ ಭಯಕ್ಕೇ ತುಂಬಾ ತಾಯಂದಿರು ವ್ಯಾನಿಗೆ ಸೇರಲು ಹಿಂಜರಿಯುತ್ತಾರೆ. ಅಮೆರಿಕದ ಎಷ್ಟೋ ಊರುಗಳ ವ್ಯಾನ್‌ಪೂಲ್ ವ್ಯವಸ್ಥೆಯಲ್ಲಿ ಇಂಥ ತುರ್ತಿಗೆ ಟ್ಯಾಕ್ಸಿ ಖರ್ಚು ಕೊಡುವ ಪದ್ಧತಿ ಇದೆ. ವರ್ಷಕ್ಕೆ ಒಂದೆರಡು ಸಲ ಪ್ರತಿಯೊಬ್ಬರಿಗೂ ಹಾಗೆ ಟ್ಯಾಕ್ಸಿ ಮಾಡಿಕೊಟ್ಟರೆ ಗುಂಪಿನ ದುಡ್ಡು ಕರಗಿ ಹೋಗುವುದಿಲ್ಲ, ಜನರ ಧೈರ್ಯ ಮಾತ್ರ ಹೆಚ್ಚುತ್ತದೆ.

ಕಾನೂನಿನ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೆಂಟರ ಬಿಳಿ ಬೋರ್ಡ್ ಗಾಡಿ ಸುಮ್ನೆ ನಿಂತಿದೆ, ಅದನ್ನೇ ತಿಂಗಳ ಬಾಡಿಗೆಗೆ ಓಡಿಸೋಣ ಅನ್ನುವ ಸಲಹೆ ಪ್ರತಿ ಗುಂಪಿನಲ್ಲೂ ಬರುತ್ತದೆ. ಬೇಡ. ಬಾಡಿಗೆಗೆ ಜನರನ್ನು ಒಯ್ಯುವ ಗಾಡಿಗೆ ಪರ್ಮಿಟ್ ಬೇಕು, ಹಳದಿ ಬೋರ್ಡ್ ಬೇಕು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಪರ್ಮಿಟ್ ಇಲ್ಲದೆ ಓಡಿಸಿದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸಿನದು. ಸ್ವಂತ ಬಳಕೆಗೆ ಅಂತ ಇನ್ಶೂರೆನ್ಸ್ ಮಾಡಿಸಿದ ಗಾಡಿಯಲ್ಲಿ ಬಾಡಿಗೆಯ ಜನ ಇದ್ದಾಗ ಅಪಘಾತ ಆದರೆ ಕಂಪನಿ ಕೈ ಎತ್ತಬಹುದು. ಒಳಗೆ ಹನ್ನೆರಡು ಮನೆಯ ಜನ ಕೂತಿರುತ್ತಾರೆ, ನೆನಪಿರಲಿ.

ಹಳದಿ ಬೋರ್ಡಿನಲ್ಲೂ ಎರಡು ಬಗೆ ಇದೆ. ಬಸ್ಸಿನ ಹಾಗೆ ದಾರಿಯುದ್ದಕ್ಕೂ ಸಿಕ್ಕಸಿಕ್ಕವರನ್ನು ಹತ್ತಿಸಿ ಇಳಿಸುವುದಕ್ಕೆ ಬೇರೆ ಪರ್ಮಿಟ್. ನಮ್ಮ ವ್ಯಾನಿಗೆ ಇರುವುದು ಒಪ್ಪಂದದ ಪರ್ಮಿಟ್: ಒಪ್ಪಂದದಲ್ಲಿ ಹೆಸರಿರುವವರನ್ನು ಬಿಟ್ಟಂಗಾಳ, ವಿರಾಜಪೇಟೆ, ಮೂರ್ನಾಡು ಅಂತ ನಾಲ್ಕು ಕಡೆ ಹತ್ತಿಸಿಕೊಂಡರೆ ತಪ್ಪಿಲ್ಲ. ಆದರೆ ಕೈ ಅಡ್ಡ ಹಿಡಿದ ಹೊರಗಿನವರನ್ನು ಹತ್ತಿಸಿ ದುಡ್ಡು ಇಸಿದುಕೊಂಡರೆ ತಪ್ಪು. ಡ್ರೈವರಿಗೆ ಆ ಆಸೆ ಬರುವುದು ಸಹಜ, ಖಾಲಿ ಸೀಟು ಕಣ್ಣೆದುರಿಗೇ ಇರುತ್ತದಲ್ಲ. ಮೊದಲ ದಿನವೇ ಹೇಳಿಬಿಡಿ. ಗಾಡಿ ಗೊತ್ತು ಮಾಡುವ ಮುಂಚೆ ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಮೂರರ ಜೆರಾಕ್ಸ್ ಇಸಿದುಕೊಳ್ಳಿ. ಇನ್ಶೂರೆನ್ಸಿನಲ್ಲಿ ಎಷ್ಟು ಪ್ರಯಾಣಿಕರು ಅಂತ ಬರೆದಿದೆ ಅನ್ನುವುದನ್ನೂ ಓದಿ. ಆಸ್ಪತ್ರೆ, ರೆಸಾರ್ಟ್‌ನಂಥ ಸಂಸ್ಥೆಯವರು ತಮ್ಮದೇ ಗಾಡಿಯಲ್ಲಿ ತಮ್ಮ ನೌಕರರನ್ನು ಬಾಡಿಗೆ ಇಲ್ಲದೆ ಕರೆತರುವುದಾದರೆ ಅದಕ್ಕೆ ಖಾಸಗಿ ಸೇವಾ ವಾಹನ ಅನ್ನುವ ಬೇರೆ ಪರ್ಮಿಟ್ ಇದೆ, ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಡ್ರೈವರ್ ಬೇಕೋ, ನಮ್ಮಲ್ಲೇ ಒಬ್ಬರು ಓಡಿಸಿದರೆ ಸಾಕೋ? ಸಾಮಾನ್ಯ ಕಾರಿನ ಲೈಸೆನ್ಸ್ ಇರುವವರು 7,500 ಕಿಲೋ ಒಳಗಿನ ಹಳದಿ ಬೋರ್ಡ್ ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಲೈಸೆನ್ಸಿನ ಅಡ್ಡಿ ಇಲ್ಲ, ಸಂಬಳದ 18,000 ಉಳಿಯುತ್ತದೆ. ಆದರೂ ನಮ್ಮ ರಸ್ತೆಗಳಿಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇದೇ ಕೆಲಸ ಮಾಡಿ ಪಳಗಿದ ಡ್ರೈವರೇ ಬೇಕು ಅಂತ ನನ್ನ ಅಭಿಪ್ರಾಯ. ಇಡೀ ದಿನ ಕಚೇರಿಯಲ್ಲಿ ದುಡಿದವರು ಮಂಜಿನಲ್ಲಿ ಹನ್ನೊಂದು ಜನರ ಜೀವ ಹೊತ್ತು ಓಡಿಸುವುದು ಬೇಡ. ಖರ್ಚು ಇಳಿಸಲು ಬೇರೆ ದಾರಿ ಇದೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ವ್ಯಾನು ಮಡಿಕೇರಿಯಲ್ಲಿ ಸುಮ್ನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಓನರ್ ಪ್ರವಾಸಿಗರ ಬಾಡಿಗೆಯೋ ಮದುವೆ ಬಾಡಿಗೆಯೋ ಮಾಡಿಕೊಳ್ಳಲಿ, ಅದಕ್ಕೆ ಬದಲಾಗಿ ನಮ್ಮ ದರ ಇಳಿಸಲಿ. ಒಂದೇ ಷರತ್ತು, ಐದು ಗಂಟೆಗೆ ಗಾಡಿ ವಾಪಸ್ ನಿಂತಿರಬೇಕು. ತಡವಾದ ದಿನಕ್ಕೆ ಇಷ್ಟು ಕಡಿತ ಅಂತ ಮೊದಲೇ ಬರೆಸಿಕೊಂಡರೆ ತಡ ಆಗುವುದೂ ಕಡಿಮೆ.

ಇನ್ನು ದಿನದ ಸಣ್ಣ ಸಣ್ಣ ವಿಷಯಗಳು. ಕಾಗದದ ಮೇಲೆ ಇವು ಚಿಲ್ಲರೆ ಅನಿಸುತ್ತವೆ, ಜಗಳ ಆಗುವುದು ಇವುಗಳಿಂದಲೇ. ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು? ಮೂರು ನಿಮಿಷ, ಅದು ಯಾರೇ ಆಗಿರಲಿ. ಮೂರ್ನಾಡಿನಲ್ಲಿ ಹತ್ತುವವರು ಅಂಗಡಿಯ ಶೀಟಿನ ಕೆಳಗೆ ಕೊಡೆ ಹಿಡಿದು ನಿಂತಿರುತ್ತಾರೆ, ಹಿಂದೆ ಒಬ್ಬರು ಹತ್ತು ನಿಮಿಷ ತಡ ಮಾಡಿದರೆ ನೆನೆಯುವುದು ಅವರು. ತಿರುವಿನಲ್ಲಿ ವಾಂತಿ ಬರುವವರಿಗೆ ಮುಂದಿನ ಸೀಟು ಖಾಯಂ, ಅದಕ್ಕೆ ಹಿರಿಯರು ಕಿರಿಯರು ಅಂತ ಇಲ್ಲ. ನಮ್ಮ ವ್ಯಾನಿನ ಬಾಗಿಲ ಪಕ್ಕ ಒಂದು ಹಳೇ ಪೇಂಟ್ ಬಕೆಟ್ ಇದೆ. ಮಳೆಗಾಲದಲ್ಲಿ ಹತ್ತುವವರೆಲ್ಲ ಒದ್ದೆ ಕೊಡೆ ಅದರಲ್ಲಿ ಇಟ್ಟು ಒಳಗೆ ಬರುತ್ತಾರೆ. ಮೂರ್ನಾಡು ದಾಟುವ ಹೊತ್ತಿಗೆ ಅದರಲ್ಲಿ ಒಂದು ಗೇಣು ನೀರು ನಿಂತಿರುತ್ತದೆ. ಆ ಬಕೆಟ್ ಬರುವ ಮೊದಲು ಆ ನೀರೆಲ್ಲ ಪಕ್ಕದವರ ಸೀರೆಗೆ, ಪ್ಯಾಂಟಿಗೆ. ಫೋನಿನಲ್ಲಿ ಜೋರಾಗಿ ವಿಡಿಯೋ ಹಾಕುವಂತಿಲ್ಲ. ಬೆಳಗ್ಗೆ ನಿದ್ದೆ ಮಾಡುವವರನ್ನು ಮಾತಾಡಿಸುವಂತಿಲ್ಲ. ಸಂಜೆ ಮಾತ್ರ ಬೇಕಾದಷ್ಟು ಹರಟೆ.

ಜನರನ್ನು ಸೇರಿಸುವಾಗ ಊರು ಒಂದೇ ಆದರೆ ಸಾಲದು, ಕೆಲಸದ ಹೊತ್ತೂ ಹೊಂದಬೇಕು. ಪಾಳಿಯ ಮೇಲೆ ಕೆಲಸ ಮಾಡುವ ನರ್ಸ್‌ಗಳನ್ನು ಹತ್ತರಿಂದ ಐದೂವರೆಯ ಗುಂಪಿಗೆ ಸೇರಿಸಿಕೊಂಡರೆ ಇಬ್ಬರಿಗೂ ಕಷ್ಟ. ಅವರು ಆಸ್ಪತ್ರೆಯ ಕಡೆಯಿಂದಲೇ ಬೇರೆ ವ್ಯಾನ್ ಕೇಳುವುದು ಒಳ್ಳೆಯದು. ಶನಿವಾರ ಇನ್ನೊಂದು ತೊಡಕು. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ಎರಡನೇ, ನಾಲ್ಕನೇ ಶನಿವಾರ ರಜೆ, ಶಾಲೆಯವರಿಗೆ ಶನಿವಾರ ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನ ಬಿಡುವ ಅರ್ಧ ದಿನ. ಟೀಚರ್‌ಗಳು ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಶನಿವಾರಕ್ಕೆ ಒಂದು ಸಣ್ಣ ಗಾಡಿಯನ್ನು ಬೇರೆಯೇ ಮಾತಾಡಿಕೊಳ್ಳಿ, ಕಡಿಮೆ ಇದ್ದರೆ ಆ ದಿನ ಬಸ್ಸು ಅಂತ ಮೊದಲೇ ಒಪ್ಪಿಕೊಳ್ಳಿ. ಹುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣದಂಥ ಕೊಡಗಿನ ಹಬ್ಬಗಳ ಹೊತ್ತಿಗೆ ಗುಂಪಿನಲ್ಲಿ ಅರ್ಧ ಜನ ಬರುವುದಿಲ್ಲ, ಆ ದಿನಗಳನ್ನು ವರ್ಷದ ಮೊದಲೇ ಗುರುತು ಹಾಕಿ ಓನರ್‌ಗೆ ಕೊಟ್ಟರೆ ಅವನೂ ಬೇರೆ ಬಾಡಿಗೆ ಹಿಡಿದುಕೊಳ್ಳಬಹುದು.

ಶುರು ಮಾಡುವುದಾದರೆ ಮಳೆ ಹಿಡಿದ ಮೇಲೆ ಮಾಡಬೇಡಿ. ಜೂನ್‌ನಲ್ಲಿ ಎಲ್ಲರಿಗೂ ವ್ಯಾನು ಬೇಕು ಅನಿಸುತ್ತದೆ, ಆದರೆ ಆಗ ಒಳ್ಳೆ ಗಾಡಿ ಸಿಗುವುದಿಲ್ಲ, ಡ್ರೈವರಿಗೆ ನಮ್ಮ ದಾರಿ, ನಮ್ಮ ಹೊತ್ತು ಅಭ್ಯಾಸ ಆಗಿರುವುದಿಲ್ಲ. ಫೆಬ್ರವರಿ ಮಾರ್ಚ್‌ನಲ್ಲಿ ಎಂಟು ಜನ ಸಿಕ್ಕರೂ ಏಳು ಸೀಟಿನ ಒಂದು ಗಾಡಿಯಲ್ಲಿ ಪರೀಕ್ಷೆಗೆ ಅಂತ ಹೊರಟುಬಿಡಬೇಡಿ, ಒಬ್ಬರನ್ನು ತೊಡೆ ಮೇಲೆ ಕೂರಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ. ಹತ್ತು ಜನ ಆಗುವ ತನಕ ಕಾಯಿರಿ. ಮುಖ್ಯ ರಸ್ತೆಯಿಂದ ಒಳಗಿರುವವರು ಗಾಡಿ ತಮ್ಮ ಗೇಟಿಗೇ ಬರಲಿ ಅಂತ ಕೇಳಿದರೆ ಒಪ್ಪಬೇಡಿ. ಸ್ಕೂಟರ್‌ನಲ್ಲಿ ರಸ್ತೆವರೆಗೆ ಬಂದು, ಪರಿಚಯದ ಅಂಗಡಿಯ ಹತ್ತಿರ ನಿಲ್ಲಿಸಿ ಹತ್ತಲಿ. ಹೆಸರು, ಹತ್ತುವ ಜಾಗ, ಕೆಲಸ ಬಿಡುವ ಹೊತ್ತು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಈ ವಾರವೇ ನಿಮ್ಮ ಬಸ್ಸಿನಲ್ಲಿ ದಿನಾ ಸಿಗುವ ಮುಖಗಳನ್ನು ಮಾತಾಡಿಸಿ. ಆ ಹಾಳೆ ಕೈಯಲ್ಲಿದ್ದರೆ ಓನರ್ ಜೊತೆ ದರದ ಮಾತು ಸುಲಭ.